ಪಾದ್ರಿ ಬರಲಾಗದಿದ್ದರೆ

ಫೆಬ್ರವರಿ 9, 1821. ತುಗಾಸ್

ಬೆಳಗಿನ ಪೂಜೆಗೆ ಮುದುಕರು, ಹೆಂಗಸರು ಅಷ್ಟೇ. ಗಂಡಸರೆಲ್ಲ ಕಡಲಿಗೆ—ಮೀನಿನ ಹಿಂಡು ಬಂದಿದೆಯಂತೆ. ಉಪದೇಶ ಮೊಟಕು ಮಾಡಿದೆ. ಯಾರಿಗೂ ನಷ್ಟವಾದಂತೆ ಕಾಣಲಿಲ್ಲ.

ಆಮೇಲೆ ಮೇಜಿನ ಮುಂದೆ. ಬರೆದದ್ದು ಒಂದು ಸಾಲು. ಅದನ್ನೂ ಹೊಡೆದುಹಾಕಿದೆ. ಎದ್ದೆ, ಕೂತೆ, ಮತ್ತೆ ಎದ್ದೆ. ಪಾದ್ರಿಮನೆಯ ವರಾಂಡದಲ್ಲಿ ಈ ತುದಿಯಿಂದ ಆ ತುದಿ. ಕೆಳಗೆ ಅಂಗಳ ಗುಡಿಸುತ್ತಿದ್ದ ಕಸಿಮಿರೊ—ಇಗರ್ಜಿಯ ಗಂಟೆ, ಮೇಣದಬತ್ತಿ, ನನ್ನ ಊಟ ಎಲ್ಲ ಅವನ ಕೈಲೇ—ಕತ್ತೆತ್ತಿ ನೋಡಿ, "ಪಾದ್ರಿಗಳು ಪುಸ್ತಕ ಬರೆಯೋದು ಕೈಯಲ್ಲೋ ಕಾಲಲ್ಲೋ?" ಅಂದ. ನಾನು ನಡೆಯುತ್ತಲೇ ಇದ್ದೆ.

ಪುಸ್ತಕದ ಪ್ರತಿ ಮನಿಲಾಕ್ಕೆ ಹೋಗಿ ವರ್ಷವಾಗುತ್ತ ಬಂತು. ನಮ್ಮ ಸಂನ್ಯಾಸಿ ಸಭೆಯ ಹಿರಿಯರ ಅಪ್ಪಣೆ ಇಲ್ಲದೆ ಅಚ್ಚಾಗುವಂತಿಲ್ಲ. ಉತ್ತರವಿಲ್ಲ. ಸುಮ್ಮನೆ ಕೂರಲಾರದೆ, ಮನೆಯಲ್ಲಿ ಉಳಿದ ಪ್ರತಿಯನ್ನೇ ತಿದ್ದಿದ್ದೂ ತಿದ್ದಿದ್ದೇ. ಹಿಂದೆ ಬರೆದ ಸಂತರ ಚರಿತ್ರೆಗಳೆಲ್ಲ ಸ್ಪೇನಿನ ಪುಸ್ತಕಗಳಿಂದ ಎತ್ತಿ ಇಲ್ಲಿನ ಮಾತಿಗೆ ಇಳಿಸಿದವು. ಒಣಮೀನು ಸಾಗಿಸಿದ ಹಾಗೆ. ಇದು ಹಾಗಲ್ಲ. ಸಾಯುವವರ ಪಕ್ಕ ಕೂತವರು ಓದಿ ಹೇಳಬೇಕಾದ ಪ್ರಾರ್ಥನೆಗಳು. ಇಲ್ಲಿನವರ ವಿಸಾಯ ಮಾತಿನಲ್ಲೇ ಹುಟ್ಟಿದವು.

ನನ್ನ ಪಾಲಿನ ಹಳ್ಳಿಗಳು ಬೊಹೊಲ್ ದ್ವೀಪದ ಈ ತೀರದುದ್ದಕ್ಕೂ ಚೆಲ್ಲಿವೆ. ದೋಣಿ ಏರಿ ಹೋಗುವಷ್ಟರಲ್ಲಿ ರೋಗಿ ತಣ್ಣಗಾಗಿರುತ್ತಾನೆ. ಎಷ್ಟು ಸಲ ಹಾಗಾಗಿದೆಯೋ. ಮನೆಯವರು ಬಾಗಿಲಲ್ಲಿ ನಿಂತು ನನ್ನನ್ನು ನೋಡುವ ನೋಟ... ಆ ನೋಟಕ್ಕೆ ಹೆದರಿ ಬರೆದ ಪುಸ್ತಕ.

ಫೆಬ್ರವರಿ 11, ಸಂಜೆ

ಕಪಿತಾನಾ ಬಲ್ಬಿನಾ ಬಂದಿದ್ದರು. ಊರಿನ ಹಳೆಯ ಮುಖ್ಯಸ್ಥನ ವಿಧವೆ. ಗಂಡ ಸತ್ತರೂ ಪದವಿ ಸಾಯಲಿಲ್ಲ. ಇವತ್ತಿಗೂ ಊರು ಅವರನ್ನು ಕಪಿತಾನಾ ಎಂದೇ ಕರೆಯುತ್ತದೆ, ಅವರೂ ಹಾಗೆ ಕರೆಸಿಕೊಳ್ಳುತ್ತಾರೆ. ತಡವರಿಸದೆ ಓದುವ ಹೆಂಗಸು ಇಲ್ಲಿ ಇವರೊಬ್ಬರೇ. ನಾನು ಬರೆದದ್ದನ್ನೆಲ್ಲ ಮೊದಲು ಕೇಳುವವರೂ ಇವರೇ. ಎಲೆಅಡಿಕೆ ಜಗಿಯುತ್ತ, ಕಣ್ಣು ಮುಚ್ಚಿಕೊಂಡು. ಉದ್ದವಾದರೆ ಆಕಳಿಸುತ್ತಾರೆ. ಮುಚ್ಚುಮರೆ ಇಲ್ಲ.

ಇವತ್ತು ಈ ಸಾಲುಗಳನ್ನು ಓದಿದೆ: ಪಾದ್ರಿ ಬರಲಾಗದಿದ್ದರೆ ಹೆದರಬೇಡ. ನೀನು ನೊಂದದ್ದು ದೇವರಿಗೆ ಆಗಲೇ ಕೇಳಿಸಿದೆ.

ಕಣ್ಣು ಬಿಟ್ಟರು. ಇದರದೊಂದು ಪ್ರತಿ ತಮಗೆ ಬೇಕು ಎಂದರು. ತಾವೇ ಕೂತು ನಕಲು ಮಾಡಿಕೊಳ್ಳುತ್ತಾರಂತೆ. ಅಪ್ಪಣೆ ಬಾರದ ಪುಸ್ತಕ, ಕೊಡಬಾರದು. ಕೊಟ್ಟೆ. ಓದುಗರು ಸಿಕ್ಕರೆ ಬರೆಯುವವನಿಗೆ ಕಾನೂನು ಮರೆಯುತ್ತದೆ.

ಫೆಬ್ರವರಿ 15

ಪಕ್ಕದ ಸೆಬು ದ್ವೀಪದಿಂದ ಬಂದ ದೋಣಿಯವರು ಸುದ್ದಿ ತಂದಿದ್ದಾರೆ. ಅಲ್ಲಿ ವಾಂತಿಭೇದಿ. ಬೆಳಗ್ಗೆ ಬಂದರೆ ಸಂಜೆಯೊಳಗೆ ಮುಗಿಯುತ್ತದಂತೆ. ದೋಣಿಯನ್ನು ದಡಕ್ಕೆ ಹಚ್ಚಬೇಡಿ ಎಂದು ಹೇಳಿ ಕಳಿಸುವಷ್ಟರಲ್ಲಿ ಅರ್ಧ ಊರು ಅವರ ಜೊತೆ ಕೂತು ಸೇಂದಿ ಕುಡಿಯುತ್ತಿತ್ತು.

ಫೆಬ್ರವರಿ 20

ಬಲ್ಬಿನಾ ಬಂದರು. ಇವತ್ತು ಬಾಯಲ್ಲಿ ಎಲೆಯಿಲ್ಲ. ಕೂರಲೂ ಇಲ್ಲ.

ಅವರ ತಮ್ಮ ಮಾಕಾರಿಯೊ ಬೆಟ್ಟದ ಮೇಲಿದ್ದಾನೆ. ಊರಿಗೆಲ್ಲ ಗೊತ್ತಿರುವ, ಯಾರೂ ಬಾಯಿಬಿಟ್ಟು ಆಡದ ಸಂಗತಿ. ಇಗರ್ಜಿಯ ಗೋಪುರಕ್ಕೆ ಕಲ್ಲು ಹೊರುವ ಬಿಟ್ಟಿಗೆ ಹೋಗಲಿಲ್ಲವೆಂದು ಹಿಂದಿನ ಪಾದ್ರಿ ಕಂಬಕ್ಕೆ ಕಟ್ಟಿ ಹೊಡೆಸಿದರು. ಬೆನ್ನು ಮಾಯುವ ಮೊದಲೇ ಬೆಟ್ಟ ಹತ್ತಿದ. ಅಲ್ಲಿರುವವರೆಲ್ಲ ಹೀಗೇ ಹೋದವರು, ಇಲ್ಲವೆ ಹೋದವರ ಮಕ್ಕಳು, ಮೊಮ್ಮಕ್ಕಳು. ರಾಜನಿಗೆ ಕಂದಾಯವಿಲ್ಲ, ಇಗರ್ಜಿಗೆ ನಮಸ್ಕಾರವಿಲ್ಲ. ಎಂದೋ ಒಬ್ಬ ಪಾದ್ರಿ ಯಾರದೋ ಹೆಣಕ್ಕೆ ಮಣ್ಣು ಕೊಡಲಿಲ್ಲವೆಂದು ಮೊದಲು ಹತ್ತಿದರು. ಅಲ್ಲಿಂದ ಇಳಿಯಲೇ ಇಲ್ಲ. ಪಾದ್ರಿಯಾದವನು ಅಲ್ಲಿಗೆ ಕಾಲಿಡಬಾರದೆಂದು ಧರ್ಮಾಧ್ಯಕ್ಷರ ಆಜ್ಞೆ.

"ತಮ್ಮ ಬದುಕಲ್ಲ ಪಾದ್ರಿಗಳೇ. ಎದೇಲಿ ನೀರು ತುಂಬಿಕೊಂಡಿದೆ. ಒಂದ್ಸಲ ಹೋಗಿ ಬನ್ನಿ."

ಆಜ್ಞೆಯ ಮಾತು ಹೇಳಿದೆ. ದಾರಿಯಲ್ಲಿ ಸೈನಿಕರ ಠಾಣೆ ಇರುವುದನ್ನು ಹೇಳಿದೆ. ಪುಸ್ತಕದ ಅಪ್ಪಣೆ ಬರುವ ಹೊತ್ತಿನಲ್ಲಿ ಹಿರಿಯರನ್ನು ಎದುರು ಹಾಕಿಕೊಳ್ಳಲಾರೆ ಎಂಬುದನ್ನು ಮಾತ್ರ ಹೇಳಲಿಲ್ಲ. ಅವರಿಗೆ ತಿಳಿಯಿತೆಂದು ಕಾಣುತ್ತದೆ.

"ನೀವೇ ಬರೆದಿದೀರಲ್ಲ, ಪಾದ್ರಿ ಬರಲಾಗದಿದ್ದರೆ ಅಂತ. ಬರಲಾಗದೆ ಇರೋದು ಬೇರೆ. ಬರದೆ ಇರೋದು ಬೇರೆ."

ಹೋದರು. ಸಂಜೆಯ ಪ್ರಾರ್ಥನೆ ಎರಡು ಸಲ ತಪ್ಪಿತು.

ಫೆಬ್ರವರಿ 23

ಬಲ್ಬಿನಾ ಮನೆಯಲ್ಲಿಲ್ಲ. ಮಗಳು ತುಂಬು ಗರ್ಭಿಣಿ, ಅವಳನ್ನೂ ಬಿಟ್ಟು ಉಪ್ಪು ಹೊರುವವರ ಹಿಂದೆ ಬೆಟ್ಟಕ್ಕೆ ಹೋಗಿದ್ದಾರೆ. ಬೆಟ್ಟದವರಿಗೆ ಉಪ್ಪು ಬೇಕು, ಊರವರಿಗೆ ಬೆಟ್ಟದ ಜೇನುಮೇಣ ಬೇಕು. ನನ್ನ ಪೂಜೆಯ ಮೇಣದಬತ್ತಿಯೂ ಅದೇ ಮೇಣದ್ದು. ಕಸಿಮಿರೊ ಹೇಳುವವರೆಗೆ ಅದು ನನಗೆ ಹೊಳೆದಿರಲಿಲ್ಲ.

ನಕಲು ಪ್ರತಿಯನ್ನು ಬಟ್ಟೆಯಲ್ಲಿ ಸುತ್ತಿ ಜೊತೆಗೆ ಒಯ್ದರಂತೆ.

ಮಾರ್ಚ್ 7, ಬೂದಿ ಬುಧವಾರ

ಬರೆಯಲು ಪುರುಸೊತ್ತಿರಲಿಲ್ಲ. ರೋಗ ಬಂದಿದೆ. ಮೊದಲು ದೋಣಿಗಟ್ಟೆಯ ಮನೆಗಳು. ಆಮೇಲೆ ಎಲ್ಲೆಲ್ಲೂ.

ಬೆಳಗ್ಗೆ ಒಬ್ಬಾಕೆಯ ಹಣೆಗೆ ಬೂದಿ ಹಚ್ಚಿದೆ—ಮಣ್ಣಾಗಿದ್ದೀಯೆ, ಮಣ್ಣಿಗೇ ಮರಳುವೆ. ಮಧ್ಯಾಹ್ನ ಅವಳ ಮನೆಯಿಂದಲೇ ಕರೆ. ಹಣೆಯಲ್ಲಿ ಬೂದಿ ಹಾಗೇ ಇತ್ತು.

ಓಡುತ್ತೇನೆ. ಒಂದು ಮನೆಗೆ ಹೋದರೆ ಎರಡು ಮನೆ ತಪ್ಪುತ್ತದೆ. ನನ್ನ ಪ್ರತಿಯ ಹಾಳೆಗಳನ್ನು ಬಿಡಿಸಿ ಓದಬಲ್ಲವರಿಗೆ ಹಂಚಿದೆ. ಕಸಿಮಿರೊನಿಗೂ ಒಂದಿಷ್ಟು. ಅವನು ಅಕ್ಷರ ಕೂಡಿಸಿಕೊಂಡು ಓದುವುದು ಕೇಳಿದರೆ ರೋಗಿ ಇನ್ನೊಂದು ಗಳಿಗೆ ಬದುಕಿಯೇ ಬದುಕುತ್ತಾನೆ. ಓದು ಮುಗಿಯಬೇಕಲ್ಲ.

ನಗು ಬಂತು, ಬರೆಯುವಾಗ. ನಗಬಾರದಿತ್ತೇನೋ.

ಮಾರ್ಚ್ 18

ಮನಿಲಾದಿಂದ ತನಿಖೆಯ ಪಾದ್ರಿ ಬಂದರು. ಫ್ರಾಯ್ ಅನ್ಸೆಲ್ಮೊ. ಸ್ಪೇನಿನ ನವಾರಾದ ಮಠದಲ್ಲಿ ನಾವಿಬ್ಬರೂ ಒಂದೇ ವರ್ಷ ದೀಕ್ಷೆ ತೆಗೆದುಕೊಂಡವರು. ಈಗ ಕಾಲು ಊದಿವೆ, ಕಡಲ ಓಲಾಟಕ್ಕೆ ಮುಖ ಹಸಿರಾಗಿದೆ. ದಪ್ಪ ಚಾಕೊಲೇಟ್ ಕಾಯಿಸಿ ಕೊಡು ಎಂದೆ ಕಸಿಮಿರೊನಿಗೆ—ದೊಡ್ಡ ಅತಿಥಿಗೆ ದಪ್ಪ, ಸಣ್ಣವರಿಗೆ ತೆಳು, ಇದು ಈ ದೇಶದ ಪ್ರತಿ ಪಾದ್ರಿಮನೆಯ ಕ್ರಮ. ಅವನು ತೆಳುವಾಗಿ ಮಾಡಿ ತಂದ. ಕೆಟ್ಟ ಸುದ್ದಿಯ ವಾಸನೆಗೆ ಬಾಯಿಗಿಂತ ಮೂಗು ಚುರುಕು ಅವನಿಗೆ.

ಅನ್ಸೆಲ್ಮೊ ಪೀಠಿಕೆ ಹಾಕಲಿಲ್ಲ. ಪುಸ್ತಕಕ್ಕೆ ಅಪ್ಪಣೆ ಇಲ್ಲ. ಇರುವ ಪ್ರತಿಗಳನ್ನೆಲ್ಲ ಒಪ್ಪಿಸಬೇಕು. ಸುಡುತ್ತಾರೆ.

"ತದೆಯೊ, ಬಹಳ ಚೆನ್ನಾಗಿ ಬರೆದಿದೀಯ. ತೊಂದರೆ ಅಲ್ಲೇ ಇರೋದು."

ಯಾವ ಸಾಲೆಂದು ಕೇಳಬೇಕಾಗಿರಲಿಲ್ಲ. ಧರ್ಮಸಭೆಯ ಬೋಧನೆಯಲ್ಲೇ ಇದೆಯಲ್ಲ, ಮನಸಾರೆ ನೊಂದವನನ್ನು ದೇವರು ಪಾದ್ರಿ ಇಲ್ಲದೆಯೂ ಕ್ಷಮಿಸುತ್ತಾನೆಂದು? ವಾದಿಸಿದೆ. ಗ್ರಂಥ ತೆಗೆದು ತೋರಿಸಿದೆ. ಅವರು ನೋಡಲೂ ಇಲ್ಲ. ಸತ್ಯವೇ ಎಂದರು. ಆದರೆ ಇವರಿಗೆ ಹೇಳತಕ್ಕ ಸತ್ಯವಲ್ಲ. ಇವತ್ತು ಸಾವಿಗೆ ಪಾದ್ರಿ ಬೇಡವೆಂದರೆ ನಾಳೆ ಮದುವೆಗೂ ಬೇಡ, ನಾಡಿದ್ದು ಗೋಪುರಕ್ಕೆ ಕಲ್ಲೂ ಬರುವುದಿಲ್ಲ.

ನಾನು ಕೋಣೆಯಲ್ಲಿ ಶತಪಥ ಹಾಕುತ್ತಿದ್ದೆ. ಕೂತು ಮಾತಾಡು, ತಲೆ ಸುತ್ತುತ್ತದೆ ಎಂದರು.

ಮಾರ್ಚ್ 19

ಹಾಳೆಗಳನ್ನು ಮನೆಮನೆಯಿಂದ ವಾಪಸು ತರಿಸಿದೆ. ಕೆಲವು ಒದ್ದೆ, ಕೆಲವಕ್ಕೆ ವಾಂತಿಯ ಕಲೆ. ಅನ್ಸೆಲ್ಮೊ ಬೆರಳ ತುದಿಯಲ್ಲಿ ಹಿಡಿದು ಎಣಿಸಿದರು. ಯಾರೋ ಬೆಟ್ಟದ ಪ್ರತಿಯ ಸುದ್ದಿಯನ್ನೂ ಕಿವಿಗೆ ಹಾಕಿದ್ದಾರೆ. ಅಲ್ಲಿ ಬಲ್ಬಿನಾ ತಮ್ಮನಿಗೆ ಓದಿದ್ದಷ್ಟೇ ಅಲ್ಲ, ಕರೆದವರ ಮನೆಗೆಲ್ಲ ಹೋಗಿ ಓದುತ್ತಿದ್ದಾರಂತೆ. ಉಪ್ಪಿನ ಜೊತೆ ರೋಗವೂ ಬೆಟ್ಟ ಹತ್ತಿದೆ.

ಹೆಂಗಸು, ದಂಗೆಕೋರರ ನಡುವೆ, ಪಾದ್ರಿಯ ಕೆಲಸ. ಅನ್ಸೆಲ್ಮೊ ಒಂದೊಂದೇ ಪದವನ್ನು ಬಿಡಿಸಿ ಇಟ್ಟರು. ಈಸ್ಟರಿಗೆ ವಾರ ಮುಂಚಿನ ಗರಿಗಳ ಭಾನುವಾರದೊಳಗೆ ಪುಸ್ತಕ ಕೆಳಗೆ ಬರಬೇಕು, ಆಕೆಯೂ ಬರಬೇಕು. ಇಲ್ಲದಿದ್ದರೆ ಪೀಠದಿಂದ ಹೆಸರು ಹೇಳಿ ಬಹಿಷ್ಕಾರ. ಆ ಮನೆಗೆ ಮದುವೆಯಿಲ್ಲ, ಮಣ್ಣಿಲ್ಲ. ಮಗಳಿಗೆ ಮೊನ್ನೆ ಗಂಡು ಮಗು ಹುಟ್ಟಿದೆ, ಅದಕ್ಕೆ ಜ್ಞಾನಸ್ನಾನವಿಲ್ಲ.

ನಾನೇ ಹೋಗಿ ತರುತ್ತೇನೆ ಎಂದೆ. ಬಾಯಿಂದ ಹೇಗೆ ಬಂತೋ. ಧರ್ಮಾಧ್ಯಕ್ಷರಿಗೆ ನಾನು ಹೇಳಿಕೊಳ್ಳುತ್ತೇನೆ, ಆದರೆ ಅಷ್ಟರೊಳಗೆ ನೀನೂ ಇಳಿದಿರಬೇಕು ಎಂದರು ಅನ್ಸೆಲ್ಮೊ. ಅಷ್ಟು ದಿನ ಈ ಊರಿನ ರೋಗಿಗಳನ್ನು ತಾವು ನೋಡಿಕೊಳ್ಳುವುದಾಗಿ ಹೇಳಿ, ಊದಿದ ಕಾಲಿಗೆ ಚಪ್ಪಲಿ ಹುಡುಕತೊಡಗಿದರು. ಕೆಟ್ಟ ಮನುಷ್ಯನಲ್ಲ. ಆಗಿದ್ದರೆ ಸುಲಭವಾಗುತ್ತಿತ್ತು.

ಮಾರ್ಚ್ 24. ಬೆಟ್ಟದ ಮೇಲೆ

ಕಾಲು ಬೊಬ್ಬೆ. ಸುಣ್ಣಕಲ್ಲಿನ ದಾರಿ, ಚೂರಿಯ ಅಲಗಿನಂತೆ. ಠಾಣೆಯ ಸೈನಿಕರು ತಡೆಯಲಿಲ್ಲ—ಅರ್ಧ ಜನ ಮಲಗಿದ್ದರು, ಉಳಿದರ್ಧ ಅವರಿಗೆ ನೀರು ಕುಡಿಸುತ್ತಿದ್ದರು. ಉಪ್ಪಿನವನೊಬ್ಬ ಮುಂದೆ, ನಾನು ಹಿಂದೆ.

ಊರ ಬಾಯಲ್ಲೇ ತಡೆದರು. ಇಲ್ಲಿನ ನಾಯಕ ಪನ್ತಲೆಯೊನ್. ನನಗಿಂತ ಚಿಕ್ಕವನು, ಒಂದು ಕಿವಿ ತುಂಡಾಗಿದೆ. ನನ್ನ ನಿಲುವಂಗಿಯನ್ನು ಮೇಲಿಂದ ಕೆಳಗೆ ನೋಡಿದ. ಯಾಕೆ ಬಂದೆ ಎಂದ. ಕಪಿತಾನಾ ಬಲ್ಬಿನಾರನ್ನು ಕರೆದುಕೊಂಡು ಹೋಗಲು ಎಂದೆ. ಪೂಜೆಗೆ ಅಲ್ಲವೋ ಎಂದ. ಅಲ್ಲ ಎಂದೆ. ಆಗ ತಿಳಿಯಿತು—ಪರಮಪ್ರಸಾದ ತಂದಿಲ್ಲ, ಸಾಯುವವರಿಗೆ ಹಚ್ಚುವ ಪವಿತ್ರ ತೈಲ ತಂದಿಲ್ಲ. ರೋಗ ತುಂಬಿದ ಊರಿಗೆ ಪಾದ್ರಿಯೊಬ್ಬ ಪುಸ್ತಕ ವಸೂಲಿಗೆ ಬಂದಿದ್ದಾನೆ, ಬರಿಗೈಲಿ.

"ನಿಮ್ಮೋರು ನಮ್ಮೋರ ಹೆಣಕ್ಕೆ ಗುಂಡಿ ಕೊಡಲಿಲ್ಲ. ಇಲ್ಲಿ ತೋಡೋ ಗುಂಡಿ ಬೇಕಾದಷ್ಟಿದೆ, ತೋಡೋರು ಮಲಗಿದಾರೆ. ಬಾಯಿ ಮುಚ್ಕೊಂಡು ತೋಡೋದಾದ್ರೆ ಇರು. ಇಲ್ಲಿ ನೀನು ಪಾದ್ರಿ ಅಲ್ಲ."

ನಿಲುವಂಗಿ ಬಿಚ್ಚಿಸಿದರು. ನಾರುಬಟ್ಟೆಯ ಅಂಗಿ ಕೊಟ್ಟರು. ತೋಳು ಗಿಡ್ಡ.

ಮಾರ್ಚ್ 25

ಬಲ್ಬಿನಾ ಸಿಕ್ಕರು. ಬಳಲಿ ಅರ್ಧವಾಗಿದ್ದಾರೆ. ಮಾಕಾರಿಯೊ ಹೋಗಿ ಬಹಳ ದಿನವಾಯಿತಂತೆ. ಅಕ್ಕ ಬಂದ ಮಾರನೆಯ ದಿನವೇ. ನನ್ನ ಮೇಲೆ ಸಿಟ್ಟಾಗಲಿಲ್ಲ, ಯಾಕೆ ಬಂದಿರಿ ಎಂದೂ ಕೇಳಲಿಲ್ಲ. ಒಂದು ಗುಡಿಸಲಿಗೆ ಹೊರಟಿದ್ದರು, ಹಿಂದೆ ಹೋದೆ. ಮಾತಾಡುವಂತಿಲ್ಲ ನಾನು, ಬಾಗಿಲಲ್ಲಿ ನೀರಿನ ಮಡಕೆ ಹಿಡಿದು ನಿಂತೆ.

ಒಳಗೆ ಒಬ್ಬ ಗಂಡಸು, ಕಣ್ಣು ಗುಳಿಬಿದ್ದು. ಬಲ್ಬಿನಾ ಅವನ ಕೈ ಹಿಡಿದು ಹೇಳತೊಡಗಿದರು. ಪುಸ್ತಕ ಮಡಿಲಲ್ಲಿ ಮುಚ್ಚಿಯೇ ಇತ್ತು. ಕಿವಿಗೊಟ್ಟೆ. ನನ್ನ ಪ್ರಾರ್ಥನೆ—ನನ್ನದಲ್ಲ. ನಾನು ತಿಂಗಳುಗಟ್ಟಲೆ ಕಡೆದು ನಿಲ್ಲಿಸಿದ ವಾಕ್ಯಗಳು ಎಲ್ಲಿ ಹೋದವು? ಸಂತರ ಹೆಸರುಗಳಿಲ್ಲ. ಕ್ರಿಸ್ತನ ಪಾಡುಗಳ ವರ್ಣನೆಯಿಲ್ಲ. ನಡುವೆ ಆ ಮನುಷ್ಯನ ಎಮ್ಮೆಯ ಹೆಸರು ಬರುತ್ತದೆ, ಅದನ್ನು ಹೆಂಡತಿ ನೋಡಿಕೊಳ್ಳುತ್ತಾಳೆ ಎಂಬ ಭರವಸೆ ಬರುತ್ತದೆ.

ಹೊರಗೆ ಬಂದ ಮೇಲೆ ತಡೆಯಲಾಗಲಿಲ್ಲ. ನನ್ನ ಬರಹ ಎಲ್ಲಿ ಎಂದು ಕೇಳಿಯೇ ಬಿಟ್ಟೆ. ಸಾವಿನ ಮನೆಯ ಅಂಗಳದಲ್ಲಿ ನಿಂತು.

"ಉದ್ದ ಆಯ್ತು ಪಾದ್ರಿಗಳೇ. ಸಾಯೋರಿಗೆ ಅಷ್ಟು ಪುರುಸೊತ್ತಿರಲ್ಲ."

ಆ ನನ್ನ ಒಂದು ಸಾಲು ಮಾತ್ರ ಉಳಿಸಿಕೊಂಡಿದ್ದಾರೆ. ಪಾದ್ರಿ ಬರಲಾಗದಿದ್ದರೆ. ಅದನ್ನು ಹೇಳುವಾಗ ಬಾಗಿಲಲ್ಲಿ ನಿಂತ ನನ್ನ ಕಡೆ ನೋಡಲಿಲ್ಲ. ಅದು ಅವರ ದೊಡ್ಡತನ.

ಮಾರ್ಚ್ 29

ತೋಡುತ್ತೇನೆ. ಮೇಲೆ ಒಂದಡಿ ಮಣ್ಣು, ಕೆಳಗೆ ಕಲ್ಲು. ಅಂಗೈ ಸುಲಿದಿದೆ, ಪೆನ್ನು ಹಿಡಿಯಲು ಕಷ್ಟ. ಬೊಹೊಲಿನ ನೇರಳೆ ಗೆಣಸು, ಸ್ವಲ್ಪ ಉಪ್ಪು—ಊಟ. ಗೆಣಸಿನ ತುಂಡೊಂದು ಕೈಜಾರಿ ಬಿತ್ತು. ಎತ್ತಿ ಮುತ್ತಿಟ್ಟು ತಿಂದೆ, ಇಲ್ಲಿಯವರು ಮಾಡುವ ಹಾಗೆ. ಪನ್ತಲೆಯೊನ್ ನೋಡುತ್ತಿದ್ದ. ಯಾರು ಕಲಿಸಿದರು ಎಂದ. ಇಪ್ಪತ್ತು ವರ್ಷದಿಂದ ತಿನ್ನುತ್ತಿದ್ದೇನೆ ಎಂದೆ.

ಹೆಣ ಇಳಿಸುವಾಗ ಲ್ಯಾಟಿನ್ ಪ್ರಾರ್ಥನೆ ತಾನಾಗಿ ನಾಲಿಗೆಗೆ ಬರುತ್ತದೆ. ಹಲ್ಲು ಕಚ್ಚಿ ನುಂಗುತ್ತೇನೆ. ಮಾತಿನ ಮೇಲೆ ಬದುಕಿದವನು ನಾನು. ಗುಂಡಿಯ ಬಾಯಲ್ಲಿ ಮೂಕನಾಗಿ ನಿಲ್ಲುತ್ತೇನೆ, ದಿನವಿಡೀ.

ಬಲ್ಬಿನಾರಿಗೆ ಅನ್ಸೆಲ್ಮೊ ಹೇಳಿದ್ದನ್ನು ತಿಳಿಸಿದೆ. ಮೊಮ್ಮಗನ ಸುದ್ದಿ ಕೇಳಿ ಮುಖ ಅರಳಿತು, ಜ್ಞಾನಸ್ನಾನವಿಲ್ಲ ಎಂಬಲ್ಲಿಗೆ ಬಂದಾಗ ಕಲ್ಲಾಯಿತು. ಇನ್ನು ನಾಲ್ಕು ದಿನ ಎಂದರು. ಇಲ್ಲಿ ಇಬ್ಬರು ಹೆಂಗಸರಿಗೆ ಹೇಳಿಕೊಡುತ್ತಿದ್ದಾರಂತೆ. ಬಾಯಿಪಾಠ.

ಏಪ್ರಿಲ್ 3

ಬಲ್ಬಿನಾ ಮಲಗಿದ್ದಾರೆ. ಬೆಳಗ್ಗೆ ಸುರುವಾಯಿತು.

ಗಂಜಿಯ ತಿಳಿ, ಉಪ್ಪು. ಕುಡಿಸಿದ್ದು ನಿಲ್ಲುತ್ತಿಲ್ಲ. ಕೈಕಾಲು ಸೆಟೆದುಕೊಳ್ಳುತ್ತಿವೆ. ಮಧ್ಯಾಹ್ನಕ್ಕೆ ಧ್ವನಿ ಹೋಯಿತು, ಪಿಸುಮಾತಷ್ಟೇ.

ಪುಸ್ತಕ ತೆಗೆದೆ. ಅವರದೇ ಅಕ್ಷರ, ದುಂಡಗೆ. ಓದಲು ಸುರುಮಾಡಿದೆ. ಮೊದಲ ವಾಕ್ಯ ಮುಗಿಯುವುದೇ ಇಲ್ಲ—ನಡುವೆ ಉಸಿರು ತೆಗೆದುಕೊಳ್ಳಬೇಕಾಯಿತು. ಬಲ್ಬಿನಾ ಒಂದು ಬೆರಳು ಎತ್ತಿದರು. ನಿಲ್ಲಿಸಿದೆ. ಪುಸ್ತಕ ಕೆಳಗಿಟ್ಟೆ.

ಪಾಪನಿವೇದನೆ ಬೇಕೆಂದರು.

ಪನ್ತಲೆಯೊನ್ ಬಿದಿರಿನ ಗೋಡೆಯಾಚೆ ನಿಂತಿದ್ದ. ಹೊರಗೆ ಹೋಗಿ ಹೇಳಿದೆ: ಆಕೆ ನಿನ್ನ ಊರವರಲ್ಲ, ನನ್ನ ಊರವರು, ಕೇಳುತ್ತಿದ್ದಾರೆ, ನಾನು ಮಾಡುತ್ತೇನೆ. ಆಮೇಲೆ ಬೇಕಾದ್ದು ಮಾಡು. ಅವನು ಅಷ್ಟು ದೂರ ಹೋಗಿ ಬೆನ್ನು ತಿರುಗಿಸಿ ಕೂತ.

ಆಕೆ ಹೇಳಿದ್ದನ್ನು ಬರೆಯುವಂತಿಲ್ಲ. ಕ್ಷಮೆಯ ಮಾತು ಹೇಳಿದೆ. ತೈಲವಿಲ್ಲ. ಬೆರಳಿನಿಂದ ಹಣೆಗೆ ಶಿಲುಬೆಯ ಗುರುತು. ಬೆರಳಿನಲ್ಲಿ ಗುಂಡಿಯ ಮಣ್ಣಿತ್ತು.

ಏಪ್ರಿಲ್ 4

ಇನ್ನೂ ಇದ್ದಾರೆ.

ಏಪ್ರಿಲ್ 5

ಎರಡು ಬೊಗಸೆ ಗಂಜಿ ನಿಂತಿತು. ಎಲೆಅಡಿಕೆ ಎಲ್ಲಿ ಎಂದು ಕೇಳಿದರು. ಹೊರಗೆ ಹೋಗಿ ಬಾಳೆಯ ಬುಡದಲ್ಲಿ ಕೂತು ಅತ್ತೆ, ಯಾಕೆಂದು ಗೊತ್ತಿಲ್ಲ. ಅಷ್ಟು ಜನ ಹೋದಾಗ ಬಾರದ ಅಳು.

ಏಪ್ರಿಲ್ 11

ಬಲ್ಬಿನಾ ಇವತ್ತು ಇಳಿದರು. ಬಲೆಯ ತೊಟ್ಟಿಲಲ್ಲಿ, ಉಪ್ಪಿನವರ ಹೆಗಲ ಮೇಲೆ. ಪುಸ್ತಕ ಮಡಿಲಲ್ಲಿ.

ನಾನೇ ಒಯ್ದು ಕೊಡುತ್ತೇನೆ, ನೀವು ನೇರ ಮಗಳ ಮನೆಗೆ ಹೋಗಿ ಎಂದಿದ್ದೆ. ಒಪ್ಪಲಿಲ್ಲ.

"ನಾನು ತಂದಿದ್ದು, ನಾನೇ ಕೊಡ್ತೀನಿ. ಸುಟ್ಕೊಳ್ಳಲಿ. ಇಲ್ಲಿ ಬೇಕಾದೋರಿಗೆಲ್ಲ ಬಾಯಿಗೆ ಬಂದಿದೆ. ಬಾಯಿ ಸುಡಕ್ಕಾಗುತ್ತಾ?"

ಜೊತೆಗೆ ಹೊರಡಬೇಕಿತ್ತು ನಾನು. ಬುತ್ತಿಯೂ ಕಟ್ಟಿತ್ತು. ಅಷ್ಟರಲ್ಲಿ ಮೇಲಿನ ಓಣಿಯಲ್ಲಿ ಗಂಡ ಹೆಂಡತಿ ಇಬ್ಬರೂ ಹೋದರೆಂದು ಸುದ್ದಿ. ತೋಡುವವರು ಇಬ್ಬರೇ ಉಳಿದಿದ್ದಾರೆ, ಒಬ್ಬನಿಗೆ ಜ್ವರ. ನಾಳೆ ಇಳಿಯುತ್ತೇನೆ ಎಂದೆ.

ಏಪ್ರಿಲ್ 12

ನಾಳೆ.

ಏಪ್ರಿಲ್ 13

ಬೆಳಗ್ಗೆ ದಾರಿಯ ತಿರುವಿನವರೆಗೆ ಹೋದೆ. ಅಲ್ಲಿಂದ ಕಡಲು ಕಾಣುತ್ತದೆ, ತುಗಾಸಿನ ಗೋಪುರ ಕಾಣುತ್ತದೆ. ನಿಂತೆ. ಮುಂದಕ್ಕೆ ನಾಲ್ಕು ಹೆಜ್ಜೆ, ಹಿಂದಕ್ಕೆ ನಾಲ್ಕು. ಇಳಿದರೆ ನನ್ನ ಕೋಣೆ, ನನ್ನ ಮೇಜು, ಬಹುಶಃ ಇನ್ನೊಂದು ಪುಸ್ತಕ—ಅನ್ಸೆಲ್ಮೊ ಒಪ್ಪುವಂಥದ್ದು. ಇಲ್ಲಿ ಗುಂಡಿ, ಮೌನ, ನಾನು ಪಾದ್ರಿಯೂ ಅಲ್ಲ. ಯಾವ ಲೆಕ್ಕದಲ್ಲೂ ಉಳಿಯಲು ಕಾರಣವಿಲ್ಲ.

ಒಬ್ಬಳು ನೀರು ತುಂಬಿದ ಬಿದಿರುಕೊಳವೆ ಹೊತ್ತು ಬಂದವಳು, ದಾರಿ ಬಿಡಿ ಎಂದಳು. ಬಿದಿರನ್ನು ನನ್ನ ಹೆಗಲಿಗೆ ತೆಗೆದುಕೊಂಡೆ. ಅವಳ ಜೊತೆ ಮೇಲಕ್ಕೇ ಬಂದೆ.

ಏಪ್ರಿಲ್ 15, ಗರಿಗಳ ಭಾನುವಾರ

ಕೆಳಗೆ ಮೆರವಣಿಗೆ ಹೊರಟಿರಬೇಕು. ಇಲ್ಲಿ ತಾಳೆಗರಿಯ ಚಾಪೆ ಹೆಣ ಸುತ್ತುವುದಕ್ಕೆ.

ಇಳಿಯಲಿಲ್ಲ.

ಏಪ್ರಿಲ್ 25

ಈಸ್ಟರ್ ಕಳೆಯಿತು. ರೋಗ ಇಳಿಯುತ್ತಿದೆ—ಮೂರು ದಿನಕ್ಕೆ ಒಂದು ಗುಂಡಿ.

ಕಸಿಮಿರೊ ಬಂದಿದ್ದಾನೆ, ಉಪ್ಪಿನವರ ಜೊತೆ. ನನ್ನನ್ನು ನೋಡಿ ಗುರುತೇ ಹಿಡಿಯಲಿಲ್ಲ. ಗುರುತು ಹಿಡಿದ ಮೇಲೆ ಅಂಗಿಯ ಗಿಡ್ಡ ತೋಳು ನೋಡಿ ನಕ್ಕು, ಆಮೇಲೆ ಕಣ್ಣೊರೆಸಿಕೊಂಡ. ಹೊಗೆಸೊಪ್ಪು ತಂದಿದ್ದಾನೆ. ಸುದ್ದಿಯನ್ನೂ.

ಬಲ್ಬಿನಾ ಪುಸ್ತಕ ಒಪ್ಪಿಸಿದರು. ಈಸ್ಟರಿನ ಪೂಜೆಯ ಮೇಲೆ ಇಗರ್ಜಿಯ ಮುಂದೆ ಸುಟ್ಟರು, ನನ್ನ ಹಾಳೆಗಳನ್ನೂ ಸೇರಿಸಿ. ಒದ್ದೆ ಹಾಳೆಗಳು ಹತ್ತದೆ ಬರೀ ಹೊಗೆಯಾಡಿದವಂತೆ. ಅನ್ಸೆಲ್ಮೊ ಕೆಮ್ಮುತ್ತ ಕೋಲಿನಿಂದ ಕೆದಕುತ್ತಿದ್ದರಂತೆ. ಮಗುವಿಗೆ ಅವತ್ತೇ ಜ್ಞಾನಸ್ನಾನ. ತದೆಯೊ ಎಂದು ನನ್ನ ಹೆಸರನ್ನೇ ಇಡಬೇಕೆಂದು ಅಜ್ಜಿ ಹಟ ಹಿಡಿದರಂತೆ. ಅನ್ಸೆಲ್ಮೊ, ಆ ಹೆಸರಿನ ಸಂತನೊಬ್ಬ ಇದ್ದಾನೆ, ತಪ್ಪೇನಿಲ್ಲ ಎಂದು ನೀರು ಹಾಕಿದರು.

ಇನ್ನು ನನ್ನದು. ಅಪ್ಪಣೆ ಮೀರಿ ದಂಗೆಕೋರರ ನಡುವೆ ಉಳಿದದ್ದಕ್ಕೆ ಪಾದ್ರಿಯ ಅಧಿಕಾರಗಳನ್ನೆಲ್ಲ ತೆಗೆದಿದ್ದಾರೆ. ಪೂಜೆ ಮಾಡುವಂತಿಲ್ಲ. ಉಪದೇಶವಿಲ್ಲ. ಪಾಪನಿವೇದನೆ ಕೇಳುವಂತಿಲ್ಲ. ತುಗಾಸಿಗೆ ಬೇರೆಯವರು ಬರುತ್ತಾರೆ.

ಕಸಿಮಿರೊ ನೆಲ ನೋಡಿಕೊಂಡು ಹೇಳಿದ. ಅನ್ಸೆಲ್ಮೊ ಅವನನ್ನು ಪಕ್ಕಕ್ಕೆ ಕರೆದು ಇನ್ನೂ ಒಂದು ಮಾತು ಹೇಳಿ ಕಳಿಸಿದ್ದಾರೆ.

"'ಸಾಯೋ ಗಳಿಗೇಲಿ ಯಾವ ಪಾದ್ರಿ ಕೊಟ್ರೂ ಕ್ಷಮೆ ಕ್ಷಮೆನೇ, ಅಧಿಕಾರ ಕಳಕೊಂಡವನು ಕೊಟ್ರೂನೂ. ಅವನಿಗೆ ಗೊತ್ತಿರೋದೇ, ಆದ್ರೂ ನೆನಪು ಮಾಡು' ಅಂದ್ರು."

ಗೊತ್ತಿರುವುದೇ. ಹಳೆಯ ಕಾನೂನು, ಮಠದಲ್ಲಿ ಒಟ್ಟಿಗೆ ಕೂತು ಓದಿದ್ದು. ಅನ್ಸೆಲ್ಮೊ, ಅನ್ಸೆಲ್ಮೊ.

ಏಪ್ರಿಲ್ 26

ಕಸಿಮಿರೊ ಹೋಗಲಿಲ್ಲ. ಎರಡು ದಿನ ಇದ್ದು ಹೋಗುತ್ತಾನಂತೆ. ಅಡಿಗೆ ಮಾಡಿಹಾಕಿದ. ಇಲ್ಲಿನವರ ಜೊತೆ ಆಗಲೇ ಸೇಂದಿ, ನಗು. ನನ್ನ ಸುದ್ದಿಯೂ ಅಲ್ಲಿ ಹಂಚಿಕೆಯಾಗಿರಬೇಕು. ದಾರಿಯಲ್ಲಿ ಸಿಕ್ಕವರು ಇವತ್ತು ಮುಖ ತಿರುಗಿಸಲಿಲ್ಲ.

ನಾನು? ಗುಂಡಿ ಇಲ್ಲದ ದಿನ ಏನು ಮಾಡಬೇಕೋ ತಿಳಿಯದು. ಊರು ಸುತ್ತಿದೆ. ನೀರು ತಂದೆ, ತುಂಬಿದ ಮಡಕೆಗೇ ಮತ್ತೆ ತಂದೆ. ಬರೆಯೋಣವೆಂದು ಕೂತರೆ ತಲೆಯಲ್ಲಿ ಒಂದು ವಾಕ್ಯವೂ ಇಲ್ಲ. ಹೆದರಿಕೆಯಾಗುತ್ತದೆ. ಆದರೆ ಹಳೆಯ ಹೆದರಿಕೆಯಲ್ಲ.

ಏಪ್ರಿಲ್ 27, ಮಧ್ಯಾಹ್ನ

ಪನ್ತಲೆಯೊನ್ ಬಂದಿದ್ದ. ಬಾಗಿಲ ಹೊರಗೇ ನಿಂತ, ಒಳಗೆ ಬಾ ಎಂದರೂ ಬರಲಿಲ್ಲ. ಅವನ ತಾಯಿ ಹಸಿಂತಾ—ಬೆಟ್ಟದಲ್ಲೇ ಹುಟ್ಟಿದ ಮುದುಕಿ, ಜೀವಮಾನದಲ್ಲಿ ಪಾದ್ರಿಯ ಮುಖ ಕಂಡವಳಲ್ಲ, ನಾನು ತೋಡುವಾಗ ದೂರದಿಂದ ನೋಡುತ್ತ ಕೂರುತ್ತಿದ್ದಳು—ಬೆಳಗಿನಿಂದ ಮಲಗಿದ್ದಾಳೆ. ಬಲ್ಬಿನಾ ಕಲಿಸಿದ ಹೆಂಗಸರು ಬಂದು ಹೇಳಿದರಂತೆ. ಕೇಳಿದಳಂತೆ. ಆಮೇಲೆ, ಆ ಗುಂಡಿ ತೋಡುವವನನ್ನು ಕರೆಯಿರಿ ಎಂದಳಂತೆ.

ನಾನು ಪಾದ್ರಿಯಲ್ಲ ಎಂದು ನೀನೇ ಹೇಳಿದ್ದೆಯಲ್ಲ ಎಂದೆ. ಚುಚ್ಚಲು ಹೇಳಿದ್ದಲ್ಲ. ನಿಜವಾಗಿಯೂ ಗೊತ್ತಾಗಲಿಲ್ಲ.

ತುಂಡು ಕಿವಿ ಸವರಿಕೊಂಡ.

"ಈಗ ಅವರೂ ನಿಮ್ಮನ್ನ ಹೊರಗೆ ಹಾಕಿದ್ರಂತಲ್ಲ. ಹಂಗಾದ್ರೆ ಬನ್ನಿ."

ಕೈ ತೊಳೆಯುತ್ತೇನೆಂದು ಒಳಗೆ ಬಂದೆ. ತೊಳೆದಾಯಿತು. ಎರಡು ಸಾಲು ಬರೆಯದೆ ಕೈ ನಿಲ್ಲಲಿಲ್ಲ. ಅವನು ಅಂಗಳದಲ್ಲಿ ಕಾಯುತ್ತಿದ್ದಾನೆ, ಆ ಕಡೆ ಈ ಕಡೆ ನಡೆಯುತ್ತ. ಮುದುಕಿಗೆ ಒಂದು ಪ್ರಾರ್ಥನೆಯೂ ಬಾರದು, ನನಗೂ ಈಗ ಯಾವುದೂ ನೆನಪಿಲ್ಲ. ಮೊದಲು ಅವಳ ಹೆಸರು ಹಿಡಿದು ಕರೆಯುತ್ತೇನೆ, ಆಮೇಲೆ